ಶುಲ್ಕದ ತಿಂಗಳು, ರೊಕ್ಕದ ತಿಂಗಳು

ಕಲಬುರಗಿಯ ಮೋಮಿನಪುರದಲ್ಲಿ ಈಗಷ್ಟೇ ಪದವಿ ಮುಗಿಸಿದ ಹುಡುಗಿಯ ಮುಂದೆ ರಾಜ್ಯ ಸರ್ಕಾರ ಎರಡು ದಾರಿ ಇಟ್ಟಿದೆ. ಕೆಲಸ ಸಿಗದೆ ಆರು ತಿಂಗಳು ಮನೆಯಲ್ಲೇ ಕೂತಳೆಂದರೆ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದ ತನಕ. ಒಟ್ಟು 72,000. ಅದೇ ಎರಡು ವರ್ಷಕ್ಕೆ ಎಂ.ಎ.ಗೋ ಎಂ.ಎಸ್ಸಿ.ಗೋ ಹೆಸರು ಹಚ್ಚಿದಳೆಂದರೆ ಆ ದುಡ್ಡು ಇಲ್ಲ. ಉನ್ನತ ವ್ಯಾಸಂಗಕ್ಕೆ ಸೇರಿದವರು ಯೋಜನೆಗೆ ಅರ್ಹರಲ್ಲ. ನಿರುದ್ಯೋಗಿಗೆ ಆಸರೆ ಬೇಡವೆಂದು ಯಾರೂ ಹೇಳಲಾರರು. ಆದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೆರಿಟ್ ಸೀಟಿನ ಎಂ.ಎ. ಓದಲು ಶುಲ್ಕವೆಂದು ಕಟ್ಟುವ ಮೊತ್ತ ಇದಕ್ಕಿಂತ ಕಡಿಮೆ. ಓದದಿರುವುದಕ್ಕೆ ಖಾತ್ರಿಯಾಗಿ ತಿಂಗಳ ಹಣ ಸಿಗುತ್ತದೆ, ಓದುವುದಕ್ಕೆ ಅರ್ಜಿ ಹಾಕಿ ಕಾಯಬೇಕು. ಸ್ನಾತಕೋತ್ತರ ಓದಿನ ಖರ್ಚಿನ ವಿಷಯ ಎತ್ತಿಕೊಂಡಾಗ ಮೊದಲು ಎದುರಾಗುವ ವಿಚಿತ್ರ ಇದು.

ಯೋಜನೆಗಳೇನೂ ಕಡಿಮೆ ಇಲ್ಲ. ಕೇಂದ್ರದ್ದು, ರಾಜ್ಯದ್ದು, ನಿಗಮದ್ದು, ಬ್ಯಾಂಕಿನದು, ಟ್ರಸ್ಟುಗಳದು ಎಂದು ಎಣಿಸುತ್ತ ಹೋದರೆ ಎರಡು ಕೈಯ ಬೆರಳು ಸಾಲುವುದಿಲ್ಲ. ಸಭೆಗಳಲ್ಲಿ ಭಾಷಣಕಾರರು ಹೇಳುವುದೂ ಅದನ್ನೇ: ‘ಸೌಲಭ್ಯ ಬೇಕಾದಷ್ಟಿವೆ, ನಮ್ಮ ಮಕ್ಕಳಿಗೆ ಮಾಹಿತಿ ಇಲ್ಲ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮೋಮಿನಪುರದ ಹುಡುಗ ಹುಡುಗಿಯರಿಗೆ ಮಾಹಿತಿ ಸಾಕಷ್ಟಿದೆ. ಮೊಬೈಲಿನಲ್ಲಿ ದಿನಕ್ಕೊಂದು ಸ್ಕಾಲರ್‌ಶಿಪ್ ಸಂದೇಶ ಬರುತ್ತದೆ. ಅವರು ಕೇಳುವ ಪ್ರಶ್ನೆ ಬೇರೆ: ‘ರೊಕ್ಕ ಯಾವಾಗ ಬರ್ತದ್ರಿ?’ ಎಷ್ಟು ಬರುತ್ತದೆ ಎಂಬುದು ಆಮೇಲಿನ ಮಾತು.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಈ ಭಾಗದ ತಿಂಗಳುಗಳನ್ನು ನೋಡಬೇಕು. ಸ್ನಾತಕೋತ್ತರ ಪ್ರವೇಶ ಸಾಮಾನ್ಯವಾಗಿ ಮಳೆಗಾಲದಲ್ಲಿ ಶುರುವಾಗುತ್ತದೆ, ಫಲಿತಾಂಶ ತಡವಾದ ವರ್ಷ ದೀಪಾವಳಿಯವರೆಗೂ ಎಳೆಯುತ್ತದೆ. ಶುಲ್ಕ ಕಟ್ಟಬೇಕಾದದ್ದು ಆಗ. ಕಲಬುರಗಿ ತೊಗರಿಯ ನಾಡು. ಕಮಲಾಪುರದ ಕಡೆಯ ರೈತನ ಹೊಲದಲ್ಲಿ ಆ ಹೊತ್ತಿಗೆ ತೊಗರಿ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ರಾಶಿ ಮಾಡಿ ಮಾರಿ ಕೈಗೆ ಹಣ ಬರುವುದು ಡಿಸೆಂಬರಿನ ಕೊನೆಯಿಂದ ಫೆಬ್ರವರಿಯ ಒಳಗೆ. ಬೀಜ, ಗೊಬ್ಬರ, ಕಳೆ ಎಂದು ಇದ್ದದ್ದನ್ನೆಲ್ಲ ಹೊಲಕ್ಕೆ ಹಾಕಿ ಬರಿಗೈಯಾಗಿ ಕೂತಾಗಲೇ ಮಗಳ ಪ್ರವೇಶಪತ್ರ ಬರುತ್ತದೆ.

ಮುಸ್ಲಿಮರೇ ಹೆಚ್ಚಿರುವ ಮೋಮಿನಪುರದ ಮನೆಗಳಲ್ಲಿ ಲೆಕ್ಕ ಬೇರೆ ಥರ. ಆಟೊ, ಗ್ಯಾರೇಜು, ಹೊಲಿಗೆ, ಹಣ್ಣಿನ ಗಾಡಿ, ಸಣ್ಣ ಅಂಗಡಿ ಹೀಗೆ ದಿನದ್ದೋ ವಾರದ್ದೋ ದುಡಿಮೆ. ಇಲ್ಲಿ ಒಮ್ಮೆಗೆ ದೊಡ್ಡ ಮೊತ್ತ ಬರುವ ದಾರಿ ಎಂದರೆ ಜಕಾತ್. ಉಳಿತಾಯದ ಶೇ. 2.5ರಷ್ಟನ್ನು ಬಡವರಿಗೆ ಕೊಡುವ ಈ ಧರ್ಮಕಾರ್ಯವನ್ನು ಬಹುಪಾಲು ಜನ ರಂಜಾನ್ ತಿಂಗಳಲ್ಲಿ ಮುಗಿಸುತ್ತಾರೆ. ಸೌದಿಯಲ್ಲೋ ದುಬೈಯಲ್ಲೋ ಇರುವ ಸಂಬಂಧಿಕರ ಹಣ ಬರುವುದೂ ಆಗಲೇ. ಚಂದ್ರಮಾನದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2009, 2010ರಲ್ಲಿ ಅದು ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿದ್ದಿತ್ತು, ಪ್ರವೇಶದ ಕಾಲಕ್ಕೆ ಸರಿಯಾಗಿ. 2026ರ ರಂಜಾನ್ ಫೆಬ್ರವರಿ–ಮಾರ್ಚಿನದು. ಶುಲ್ಕ ಕಟ್ಟುವ ದಿನಕ್ಕೂ ಜಕಾತ್ ಕೈಸೇರುವ ದಿನಕ್ಕೂ ಈಗ ಅರ್ಧ ವರ್ಷದ ಅಂತರ. ಜಕಾತ್ ಕೊಡುವವರ ಒಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಂಬಿಬಿಎಸ್ ಸೀಟು ಸಿಕ್ಕ ಹುಡುಗನಿಗೆ ಹತ್ತು ಕೈ ಮುಂದೆ ಬರುತ್ತವೆ, ಇತಿಹಾಸದಲ್ಲಿ ಎಂ.ಎ. ಮಾಡುವ ಹುಡುಗಿಗೆ ಒಂದೂ ಬರುವುದಿಲ್ಲ. ‘ಅದನ್ನು ಓದಿ ಏನು ಮಾಡ್ತಿ ಬೇಟಾ?’ ಎಂಬ ಪ್ರಶ್ನೆ ಮಾತ್ರ ಬರುತ್ತದೆ.

ಹಾಗಾದರೆ ಆಗಸ್ಟಿನ ಶುಲ್ಕವನ್ನು ತುಂಬುವವರು ಯಾರು? ಬಹಳ ಮನೆಗಳಲ್ಲಿ ಅವ್ವನ ಬಂಗಾರ. ಬಳೆಯೋ ಸರವೋ ಗಿರವಿ ಅಂಗಡಿಗೆ ಹೋಗುತ್ತದೆ. ಇಲ್ಲವಾದರೆ ಭಿಶಿ. ಓಣಿಯ ಹೆಂಗಸರು ತಿಂಗಳಿಗಿಷ್ಟು ಎಂದು ಕೂಡಿಸಿ, ಚೀಟಿ ಎತ್ತಿ ಒಬ್ಬರಿಗೆ ಕೊಡುವ ಈ ವ್ಯವಸ್ಥೆಯಲ್ಲಿ ‘ಈ ಸಲದ್ದು ನನಗೆ ಬಿಡ್ರಿ, ಹುಡುಗಿ ಫೀಸು ಕಟ್ಟಬೇಕು’ ಎಂದು ಕೇಳಿದರೆ ಉಳಿದವರು ಬಿಟ್ಟುಕೊಡುವುದುಂಟು. ಬಡ್ಡಿ ಇಲ್ಲ, ಜಾಮೀನು ಇಲ್ಲ, ಮುಖ್ಯವಾಗಿ ಬೇಕಾದ ದಿನಕ್ಕೆ ಹಣ. ಉನ್ನತ ಶಿಕ್ಷಣದ ಹಣಕಾಸಿನ ವರದಿ ಬರೆಯುವವರು ಭಿಶಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಸರ್ಕಾರದ ವಿದ್ಯಾರ್ಥಿವೇತನ ಬರುವ ತನಕ ಅದಕ್ಕೆ ಮುಂಗಡ ಕೊಡುತ್ತಿರುವುದು ಈ ಹೆಂಗಸರೇ.

ವಿದ್ಯಾರ್ಥಿವೇತನದ ಕಡೆ ಬರೋಣ. ಅಲ್ಪಸಂಖ್ಯಾತರಿಗಾಗಿ ಪ್ರಧಾನಮಂತ್ರಿಗಳ 15 ಅಂಶಗಳ ಹೊಸ ಕಾರ್ಯಕ್ರಮ ಬಂದದ್ದು 2006ರಲ್ಲಿ. ಮುಸ್ಲಿಮರ ಸ್ಥಿತಿಗತಿ ಕುರಿತ ಸಾಚಾರ್ ಸಮಿತಿಯ ವರದಿಯೂ ಅದೇ ವರ್ಷದ್ದು. ಇಪ್ಪತ್ತು ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7 ಇದ್ದರೆ, ಮುಸ್ಲಿಮರಲ್ಲಿ ಶೇ. 4ಕ್ಕೂ ಕಡಿಮೆ ಎಂದು ಆ ವರದಿ ಹೇಳಿತ್ತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವೃತ್ತಿಪರ ಕೋರ್ಸುಗಳಿಗೆ ಮೆರಿಟ್ ಕಮ್ ಮೀನ್ಸ್, ಪಿಎಚ್.ಡಿ.ಗೆ ಮೌಲಾನಾ ಆಜಾದ್ ಫೆಲೋಶಿಪ್ ಎಂಬ ಮೆಟ್ಟಿಲುಗಳು ಅದರ ಹಿಂದೆಯೇ ಎದ್ದವು. ಮೊದಲನೆಯದಕ್ಕೆ ಮನೆಯ ವಾರ್ಷಿಕ ಆದಾಯ 2 ಲಕ್ಷದೊಳಗೆ, ಎರಡನೆಯದಕ್ಕೆ 2.5 ಲಕ್ಷದೊಳಗೆ ಇರಬೇಕಿತ್ತು, ಅಂಕ ಶೇ. 50. ಮೆರಿಟ್ ಕಮ್ ಮೀನ್ಸ್‌ನಲ್ಲಿ ಕೋರ್ಸಿನ ಶುಲ್ಕಕ್ಕೆ ವರ್ಷಕ್ಕೆ ಹೆಚ್ಚೆಂದರೆ 20,000. ಎಂಬಿಎ, ಎಂಸಿಎ ಶುಲ್ಕ ಲಕ್ಷದ ಮಾತಾಡುವ ಕಾಲದಲ್ಲೂ ಮಿತಿ ಅಲ್ಲೇ ನಿಂತಿತ್ತು.

2023ರಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಬಿತ್ತು. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂದು, ಪ್ರಕರಣ ಸಿಬಿಐಗೆ ಹೋಯಿತು. ನಷ್ಟ 144 ಕೋಟಿ ದಾಟಿತ್ತು. ಕಳ್ಳರನ್ನು ಹಿಡಿಯಲೇಬೇಕು. ಆದರೆ ಹಿಡಿಯುವ ಗಲಾಟೆಯಲ್ಲಿ ಯೋಜನೆಯೇ ಕುಂಟತೊಡಗಿತು, ನಿಜವಾಗಿ ಓದುತ್ತಿದ್ದವರು ಪೋರ್ಟಲ್ ಯಾವಾಗ ತೆರೆಯುತ್ತದೆ ಎಂದು ಕಾಯುವಂತಾಯಿತು. ಉಳಿದಿರುವ ಮುಖ್ಯ ದಾರಿ ರಾಜ್ಯದ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ.

ಈ ತಂತ್ರಾಂಶ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಕಾಲೇಜಿನ ಎದುರಿನ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರದವರೆಗೆ ಎಲ್ಲ ಇದೆ. ಪ್ರಮಾಣಪತ್ರದ ಆರ್‌ಡಿ ನಂಬರು ಹೊಡೆದರೆ ಅದರಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಉರ್ದು ಹೆಸರನ್ನು ಒಬ್ಬ ಗುಮಾಸ್ತ ಕನ್ನಡದ ಕಿವಿಯಲ್ಲಿ ಕೇಳಿ ಬರೆದಿದ್ದಾನೆ, ಇನ್ನೊಬ್ಬ ಇಂಗ್ಲಿಷಿನ ಕಿವಿಯಲ್ಲಿ. ಶೇಕ್, ಶೇಖ್, ಶೈಕ್ ಎಲ್ಲ ಒಬ್ಬನೇ ಮನುಷ್ಯ ಎಂದು ಕಂಪ್ಯೂಟರಿಗೆ ಹೇಳುವವರು ಯಾರು? ಅದು ದಾಟಿತೆಂದರೆ ಬ್ಯಾಂಕ್ ಖಾತೆ. ‘ಸೀಡಿಂಗ್ ಆಗಿಲ್ಲರಿ ಅಕ್ಕಾ, ಬ್ಯಾಂಕಿಗೆ ಹೋಗಿ ಬರ್ರಿ’ ಎನ್ನುತ್ತಾನೆ ಅಂಗಡಿಯವ. ಆಧಾರ್ ಜೋಡಣೆ ಬೇರೆ, ಹಣ ಬಂದು ಬೀಳುವ ಖಾತೆ ಯಾವುದೆಂದು ಗುರುತು ಹಾಕುವುದು ಬೇರೆ; ಬಹಳ ಜನರಿಗೆ ಈ ವ್ಯತ್ಯಾಸ ತಿಳಿಯುವುದು ಹಣ ಬಾರದಿದ್ದಾಗಲೇ. ಹಣ ಅಮ್ಮನ ಹಳೆಯ ಗ್ಯಾಸ್ ಸಬ್ಸಿಡಿಯ ಖಾತೆಗೆ ಹೋಗಿ ಕೂತಿದೆ ಎಂದು ತಿಳಿದು ನಕ್ಕವರೂ ಇದ್ದಾರೆ, ಖಾತೆಯೇ ಮುಚ್ಚಿಹೋಗಿದೆ ಎಂದು ತಿಳಿದು ಅತ್ತವರೂ ಇದ್ದಾರೆ. ಇಷ್ಟೆಲ್ಲ ಸರಿಯಾದರೂ ಹಣ ಬರುವುದು ಶುಲ್ಕ ಕಟ್ಟಿ ತಿಂಗಳುಗಳಾದ ಮೇಲೆ, ಮರುಪಾವತಿಯಾಗಿ. ಮೊದಲು ಕಟ್ಟಲು ಶಕ್ತಿ ಇದ್ದವನಿಗೆ ಆಮೇಲೆ ವಾಪಸು ಕೊಡುವ ಪದ್ಧತಿ ಇದು. ಶಕ್ತಿ ಇಲ್ಲದವನು ಅರ್ಜಿಯ ಹಂತಕ್ಕೇ ಬರುವುದಿಲ್ಲ.

ಇದನ್ನು ಸರಿಪಡಿಸಲು ಆಗುವುದಿಲ್ಲ ಎಂದೇನಿಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2021ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬ ಏರ್ಪಾಡಿದೆ: ಕಾರ್ಡ್ ತೋರಿಸಿದವನನ್ನು ಶುಲ್ಕ ಕೇಳದೆ ಸೇರಿಸಿಕೊಳ್ಳಬೇಕು, ವಿದ್ಯಾರ್ಥಿವೇತನ ಖಾತೆಗೆ ಬಂದಾಗ ಅವನು ಕಟ್ಟಬೇಕು. ಕಾಗದದ ಮೇಲಿನದು ಕೌಂಟರಿನವರೆಗೆ ಎಷ್ಟು ಇಳಿದಿದೆ ಎಂಬುದು ಬೇರೆ ಮಾತು, ತತ್ವವಂತೂ ಸರಿಯಾಗಿದೆ. ಹಿಂದುಳಿದ ವರ್ಗಗಳ ವಿದ್ಯಾಸಿರಿ ಯೋಜನೆ ಇನ್ನೊಂದು ಮಾದರಿ. ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ಹತ್ತು ತಿಂಗಳು ನೆರವು. ಎಂ.ಟೆಕ್.ನಲ್ಲಿ ಗೇಟ್ ಅಂಕ ಇದ್ದವರಿಗೆ ಎಐಸಿಟಿಇ ತಿಂಗಳಿಗೆ 12,400 ಕೊಡುತ್ತದೆ, 1958ರಲ್ಲಿ ಶುರುವಾದ ಇಲ್ಲಿನ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವರಿಗೂ. ಎಂ.ಎ., ಎಂ.ಕಾಂ. ಓದುವವರಿಗೆ ಆ ಭಾಗ್ಯ ಇಲ್ಲ.

ಇಲ್ಲಿ 371(ಜೆ) ವಿಧಿಯ ವಿಷಯ ಬರುತ್ತದೆ. ಸಂವಿಧಾನದ 98ನೇ ತಿದ್ದುಪಡಿ ಈ ಭಾಗಕ್ಕೆ ಕೊಟ್ಟ ವಿಶೇಷ ಸ್ಥಾನದಿಂದ ಪ್ರಾದೇಶಿಕ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಹತ್ತು ವರ್ಷದಲ್ಲಿ ಇದು ಮಾಡಿದ ಬದಲಾವಣೆ ದೊಡ್ಡದು. ಇಲ್ಲಿನ ಮಕ್ಕಳು ಬೆಂಗಳೂರಿನ ಕಾಲೇಜುಗಳಲ್ಲಿ ಕಾಣತೊಡಗಿದ್ದು ಅದರಿಂದಲೇ. ಆದರೆ 371(ಜೆ) ಕೊಟ್ಟದ್ದು ಸೀಟು. ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆಯನ್ನು ಸಂವಿಧಾನ ಕಟ್ಟುವುದಿಲ್ಲ. ಎಷ್ಟೋ ಸೀಟುಗಳು ಸಿಕ್ಕೂ ಕೈಬಿಟ್ಟು ಹೋಗುವುದು ಆ ಜಾಗದಲ್ಲಿ.

ಹಿಂದಿನವರು ಹೇಗೆ ಓದಿದರು? ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರು. ಆ ಸಂಸ್ಥಾನ ಆಯ್ದ ಕೆಲವರನ್ನು ವಿಲಾಯಿತಿಗೆ ಕಳಿಸುತ್ತಿತ್ತು. ಸರೋಜಿನಿ ನಾಯ್ಡು 1895ರಲ್ಲಿ ಇಂಗ್ಲೆಂಡಿಗೆ ಹೋದದ್ದು ನಿಜಾಮರ ವಿದ್ಯಾರ್ಥಿವೇತನದಲ್ಲಿ. ಬರೋಡದ ಮಹಾರಾಜರು 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿದಾಗ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ಮಟ್ಟಿಗೆ ಮಂಜೂರು ಮಾಡಿದ್ದರು. ಸಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಜಮಶೇಟಜಿ ಟಾಟಾ 1892ರಲ್ಲಿ ಶುರುಮಾಡಿದ ದತ್ತಿ ವಿದೇಶದ ಉನ್ನತ ಓದಿಗೆ ಸಾಲದ ರೂಪದಲ್ಲಿ ಹಣ ಕೊಡುತ್ತ ಇಂದಿಗೂ ನಡೆದಿದೆ. ತುಮಕೂರಿನ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು ಟಾಟಾ ವಿದ್ಯಾರ್ಥಿವೇತನದಲ್ಲಿ. ಇವೆಲ್ಲ ಬೆರಳೆಣಿಕೆಯವರಿಗೆ ಸಿಕ್ಕ ಅದೃಷ್ಟ, ಹಳೆಯದನ್ನು ಹೊಗಳುವ ಕಾರಣವಿಲ್ಲ. ಆದರೆ ಹಡಗು ಹತ್ತುವ ಮೊದಲೇ ಹಣದ ಮಾತು ಮುಗಿದಿರುತ್ತಿತ್ತು. ಓದಿ ಬಂದು ರಸೀದಿ ತೋರಿಸು ಎಂದು ಬರೋಡದವರು ಅಂಬೇಡ್ಕರರಿಗೆ ಹೇಳಲಿಲ್ಲ.

ಕಲಬುರಗಿಗೆ ಸ್ನಾತಕೋತ್ತರ ಕೇಂದ್ರ ಬಂದದ್ದು 1970ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಶಾಖೆಯಾಗಿ. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಎಂ.ಎ. ಓದಬಹುದು ಎಂಬುದೇ ಎಲ್ಲಕ್ಕಿಂತ ದೊಡ್ಡ ಧನಸಹಾಯವಾಗಿತ್ತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದು ಈಗ ಇರುವುದು ಆಳಂದ ರಸ್ತೆಯ ಕಡಗಂಚಿಯಲ್ಲಿ; ನಂತರ ಶರಣಬಸವ, ಖಾಜಾ ಬಂದಾನವಾಜ್ ಖಾಸಗಿ ವಿಶ್ವವಿದ್ಯಾಲಯಗಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಕಡಗಂಚಿಗೂ ಕಮಲಾಪುರಕ್ಕೂ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲ. ಇದನ್ನು ಯಾರೂ ವಿದ್ಯಾರ್ಥಿವೇತನ ಎಂದು ಕರೆದಿಲ್ಲ. ನನ್ನ ದೃಷ್ಟಿಯಲ್ಲಿ ಈಚಿನ ವರ್ಷಗಳಲ್ಲಿ ಈ ಭಾಗದ ವಿದ್ಯಾರ್ಥಿನಿಯರಿಗೆ ಸಿಕ್ಕ ಅತ್ಯಂತ ಪರಿಣಾಮಕಾರಿ ವಿದ್ಯಾರ್ಥಿವೇತನ ಅದೇ. ಅರ್ಜಿ ಇಲ್ಲ, ಆದಾಯ ಪತ್ರ ಇಲ್ಲ, ಬೆಳಿಗ್ಗೆ ಬಸ್ಸು ಹತ್ತಿದ ಕ್ಷಣಕ್ಕೆ ನೆರವು ತಲುಪಿರುತ್ತದೆ.

ಎಂ.ಎ. ಮುಗಿದು ಪಿಎಚ್.ಡಿ.ಗೆ ಬಂದರೆ ಕಥೆ ಇನ್ನೂ ಕಹಿ. ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2009ರಲ್ಲಿ ಬಂದಾಗ ಐದು ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆ ಐದು ವರ್ಷ ತಿಂಗಳ ವೇತನದ ಭರವಸೆ ಸಿಕ್ಕಿತ್ತು. 2014-15ರಿಂದ 2021-22ರವರೆಗೆ 6,722 ಜನ ಆಯ್ಕೆಯಾದರು, ಖರ್ಚಾದದ್ದು 738.85 ಕೋಟಿ. 2022ರ ಡಿಸೆಂಬರಿನಲ್ಲಿ ಆಗಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿ ಲೋಕಸಭೆಯಲ್ಲಿ ಅದನ್ನು ನಿಲ್ಲಿಸುವ ತೀರ್ಮಾನ ತಿಳಿಸಿದರು; ಬೇರೆ ಫೆಲೋಶಿಪ್‌ಗಳು ಇರುವಾಗ ಇದು ಪುನರಾವರ್ತನೆಯಾಗುತ್ತದೆ ಎಂಬ ಕಾರಣ ಕೊಟ್ಟರು. ವಿದೇಶಿ ಓದಿನ ಸಾಲದ ಬಡ್ಡಿಗೆ ಸಹಾಯಧನ ಕೊಡುತ್ತಿದ್ದ ಪಢೋ ಪರದೇಶ್ ಯೋಜನೆಯೂ ಆ ವರ್ಷವೇ ನಿಂತಿತು. ಪುನರಾವರ್ತನೆಯ ವಾದ ನನಗೆ ಒಪ್ಪಿಗೆಯಾಗಿಲ್ಲ. ಒಬ್ಬ ಸಂಶೋಧಕ ಎರಡು ಫೆಲೋಶಿಪ್ ತೆಗೆದುಕೊಳ್ಳುವಂತಿರಲಿಲ್ಲ. ಹಾಗಿರುವಾಗ ಎರಡು ಬಾಗಿಲಿದ್ದರೆ ಹೆಚ್ಚು ಜನ ಒಳಗೆ ಬರುತ್ತಾರೆ ಅಷ್ಟೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯೂ ಪಿಎಚ್.ಡಿ. ಫೆಲೋಶಿಪ್ ಕೊಡುತ್ತದೆ. ತಿಂಗಳಿಗೆ 25,000 ಇದ್ದದ್ದನ್ನು ಮಧ್ಯದಲ್ಲಿ ಅರ್ಧಕ್ಕಿಂತ ಕೆಳಗಿಳಿಸಿ, ಸಂಶೋಧಕರು ಬೀದಿಗಿಳಿಯುವಂತಾದದ್ದೂ ನಡೆದಿದೆ. ಐದು ವರ್ಷದ ಕೆಲಸಕ್ಕೆ ಕೈಹಾಕಿದವನಿಗೆ ಮೂರನೇ ವರ್ಷ ಸಂಬಳ ಅರ್ಧವಾದರೆ ಅವನು ಪ್ರಬಂಧ ಬರೆಯುವುದಿಲ್ಲ, ಕೆಲಸ ಹುಡುಕುತ್ತಾನೆ.

ಉಳಿದ ದೊಡ್ಡ ಬಾಗಿಲು ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್. 2023ರ ಜನವರಿಯಿಂದ ಅದರ ಮೊತ್ತ 31,000ದಿಂದ 37,000ಕ್ಕೆ ಏರಿತು, ಮೂರನೇ ವರ್ಷದಿಂದ 42,000. ಈ ಊರಿನ ಎಷ್ಟೋ ಮನೆಗಳಲ್ಲಿ ಅಷ್ಟು ದುಡಿಯುವವರು ಯಾರೂ ಇರುವುದಿಲ್ಲ. ಅದಕ್ಕೆ ನೆಟ್ ಪರೀಕ್ಷೆಯ ಮೇಲ್ಪಂಕ್ತಿಯಲ್ಲಿ ಬರಬೇಕು; 2024ರ ಜೂನಿನಲ್ಲಿ ಆ ಪರೀಕ್ಷೆ ಬರೆದು ಬಂದ ಮರುದಿನವೇ ರದ್ದಾದದ್ದನ್ನು ಬರೆದವರು ಮರೆತಿರಲಾರರು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಸಂಶೋಧಕರಿಗೂ ತಿಂಗಳಿಗೆ 8,000 ಇದೆ. 2015ರಲ್ಲಿ ಯುಜಿಸಿ ಅದನ್ನು ನಿಲ್ಲಿಸಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಕಚೇರಿಯ ಮುಂದೆ ಕೂತು ಉಳಿಸಿಕೊಂಡರು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ. ಹಾಗಾಗಿ ಒಂದೇ ಓಣಿಯ ಇಬ್ಬರಲ್ಲಿ ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಬಸ್ಸು ಹತ್ತಿದವನಿಗೆ ಏನೂ ಇಲ್ಲ, ಆಳಂದ ರಸ್ತೆಯ ಕೇಂದ್ರೀಯ ವಿಶ್ವವಿದ್ಯಾಲಯದ ಬಸ್ಸು ಹತ್ತಿದವನಿಗೆ 8,000. ಮೊದಲಿನವನು ಮಾಡುವುದೇನೆಂದರೆ ಯಾವುದಾದರೂ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈ ಭಾಗದಲ್ಲಿ ಮುಗಿದ ಪಿಎಚ್.ಡಿ.ಗಳಲ್ಲಿ ಎಷ್ಟೋ ಹಾಗೆ ಪಾಠ ಮಾಡುತ್ತ, ಗೌರವಧನ ಯಾವ ತಿಂಗಳು ಬರುತ್ತದೋ ಎಂದು ಕಾಯುತ್ತ ಬರೆದವು.

ಸಾಲದ ವಿಷಯಕ್ಕೆ ಬಂದರೆ ಮೋಮಿನಪುರದಲ್ಲಿ ಮಾತು ಬೇರೆಯಾಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ, ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆದಾಯ 4.5 ಲಕ್ಷದೊಳಗಿದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುತ್ತದೆ, ಆದರೆ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಪದವಿಗೋ ಸ್ನಾತಕೋತ್ತರಕ್ಕೋ ಒಮ್ಮೆ ಮಾತ್ರ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ 8 ಲಕ್ಷದವರೆಗಿನ ಆದಾಯದವರಿಗೆ ಶೇ. 3 ಬಡ್ಡಿ ಸಹಾಯ ಕೊಡುತ್ತದೆ. ಅದು ನೋಡುವುದು ಮೊದಲು ಕಾಲೇಜನ್ನು: ಎನ್‌ಐಆರ್‌ಎಫ್ ಪಟ್ಟಿಯ ಮೇಲಿನ ಸಂಸ್ಥೆಗಳು, ಕೇಂದ್ರ ಸರ್ಕಾರದ ಸಂಸ್ಥೆಗಳು, ಹೀಗೆ ಶುರುವಿನಲ್ಲಿ ಸುಮಾರು 860. ಪಟ್ಟಿಯ ಹೊರಗಿನ ಕಾಲೇಜಿನಲ್ಲಿ ಓದುವವಳ ಬಡತನ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟರ ಮೇಲೆ ಬಡ್ಡಿಯ ಪ್ರಶ್ನೆ. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ಇಸ್ಲಾಮಿನಲ್ಲಿ ನಿಷಿದ್ಧ. ಓದಿಗಾಗಿ ಅನಿವಾರ್ಯವಾದರೆ ಹೇಗೆ ಎಂಬ ಬಗ್ಗೆ ಉಲೇಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಒಂದೇ ಮನೆಯಲ್ಲಿ ಮಗ ಸರಿ ಎನ್ನುತ್ತಾನೆ, ಅಬ್ಬಾ ಬೇಡ ಎನ್ನುತ್ತಾರೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಜನಪ್ರಿಯವಾದದ್ದು ಈ ಕಾರಣಕ್ಕೇ. ಅದರಲ್ಲಿ ಇರುವುದು ಶೇ. 2 ಸೇವಾ ಶುಲ್ಕ. ಅದೂ ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಹೋದವರಿಗೆ. ವಿದೇಶಕ್ಕೆ ಹೋಗುವವರಿಗೆ ಇದೇ ನಿಗಮ 20 ಲಕ್ಷದವರೆಗೆ ಸಾಲ ಕೊಡುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನೆಡೆ ಬೋಧನಾ ಶುಲ್ಕ ಇಲ್ಲ, ಆದರೆ ವೀಸಾ ಪಡೆಯಲು ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸೇರಿದರೆ ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮನ್ನಾ ಮತ್ತು ತಿಂಗಳ ಭತ್ಯೆ ಸಿಗುವುದು ಸಾಮಾನ್ಯ, ಎಂ.ಎಸ್.ಗೆ ಹೋದರೆ ಬಹುಪಾಲು ಸ್ವಂತ ಖರ್ಚು. ಏಜೆಂಟರು ಈ ವ್ಯತ್ಯಾಸ ಹೇಳುವುದಿಲ್ಲ, ಅವರ ಅಂಗಡಿ ನಡೆಯುವುದು ಎಂ.ಎಸ್.ನಿಂದ.

ಕೋವಿಡ್ ಬಂದ 2020ರ ಏಪ್ರಿಲಿನಲ್ಲಿ ಮೋಮಿನಪುರ ಕಂಟೈನ್ಮೆಂಟ್ ವಲಯವಾಗಿ ಬೀದಿಗೆ ಬೀದಿಯೇ ಮುಚ್ಚಿತ್ತು. ದಿನದ ದುಡಿಮೆಯ ಮನೆಗಳಲ್ಲಿ ಓದು ಆಗ ನಿಂತದ್ದು ಎಷ್ಟೋ ಕಡೆ ಮತ್ತೆ ಶುರುವಾಗಲಿಲ್ಲ. ಇಡೀ ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ: 2019-20ರಿಂದ 2020-21ಕ್ಕೆ ಉನ್ನತ ಶಿಕ್ಷಣದಲ್ಲಿ ಒಟ್ಟು ದಾಖಲಾತಿ 3.85 ಕೋಟಿಯಿಂದ 4.14 ಕೋಟಿಗೆ ಏರಿತು, ಮುಸ್ಲಿಂ ವಿದ್ಯಾರ್ಥಿಗಳ ಸಂಖ್ಯೆ ಮಾತ್ರ 21 ಲಕ್ಷದಿಂದ 19.2 ಲಕ್ಷಕ್ಕೆ ಇಳಿಯಿತು. ಒಂದು ಹಂಗಾಮು ತಪ್ಪಿದರೆ ಹೀಗಾಗುತ್ತದೆ.

ಈ ಊರಿನಲ್ಲೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಇದೆ. 2023-24ರ ಬಜೆಟ್ಟಿನಲ್ಲಿ ಅದಕ್ಕೆ ಘೋಷಿಸಿದ್ದು 5,000 ಕೋಟಿ. ಅದರಲ್ಲಿ 10 ಕೋಟಿಯನ್ನು ತೆಗೆದಿಟ್ಟರೆ, ಅಂದರೆ ನೂರು ರೂಪಾಯಿಯಲ್ಲಿ ಇಪ್ಪತ್ತು ಪೈಸೆಯನ್ನು, ತಲೆಗೆ 10,000ದಂತೆ ಹತ್ತು ಸಾವಿರ ಸ್ನಾತಕೋತ್ತರ ವಿದ್ಯಾರ್ಥಿಗಳ ಶುಲ್ಕವನ್ನು ಪ್ರವೇಶದ ದಿನವೇ ವಿಶ್ವವಿದ್ಯಾಲಯಕ್ಕೆ ಕಟ್ಟಬಹುದು. ವಿದ್ಯಾರ್ಥಿವೇತನ ಮಂಜೂರಾದಾಗ ಶುಲ್ಕದ ಭಾಗ ನೇರವಾಗಿ ಮಂಡಳಿಗೆ ವಾಪಸು ಬರಬೇಕು, ಮುಂದಿನ ವರ್ಷ ಅದೇ ಹಣ ಮತ್ತೆ ಹೊರಡಬೇಕು. ಬಡ್ಡಿಯ ಮಾತಿಲ್ಲ, ಆಸ್ತಿಪತ್ರ ಬೇಡ, ಇತಿಹಾಸದ ಎಂ.ಎ.ಗೂ ನಡೆಯುತ್ತದೆ. ಅರ್ಜಿ ತಿರಸ್ಕೃತವಾದರೆ ಆ ಹಣ ಮುಳುಗಿತಲ್ಲ ಎಂದು ಹಣಕಾಸು ಇಲಾಖೆಯವರು ಕೇಳುತ್ತಾರೆ, ಕೇಳಬೇಕಾದದ್ದೇ. ಅದಕ್ಕೆ ಒಂದು ನಿಯಮ ಸಾಕು: ತಿರಸ್ಕಾರಕ್ಕೆ ಕಾರಣ ಹೆಸರಿನ ಕಾಗುಣಿತವೋ ಖಾತೆಯ ಸೀಡಿಂಗೋ ಆಗಿದ್ದರೆ ನಷ್ಟವನ್ನು ಇಲಾಖೆ ಹೊರಬೇಕು, ಆದಾಯದ ಸುಳ್ಳು ಲೆಕ್ಕವಾಗಿದ್ದರೆ ವಿದ್ಯಾರ್ಥಿ ಕಂತಿನಲ್ಲಿ ಕಟ್ಟಬೇಕು. ಮೊದಲನೆಯ ಬಗೆಯ ತಿರಸ್ಕಾರಗಳಿಗೆ ಇಲಾಖೆಯ ಕೈಯಿಂದಲೇ ಹಣ ಹೋಗತೊಡಗಿದರೆ, ಶೇಕ್ ಮತ್ತು ಶೈಕ್ ಒಬ್ಬರೇ ಎಂದು ತಂತ್ರಾಂಶಕ್ಕೆ ಕಲಿಸಲು ಬಹಳ ದಿನ ಬೇಕಾಗಲಿಕ್ಕಿಲ್ಲ.